ಒಂದಕ್ಷರದ ತಪ್ಪು: ನಾಟಕಕಾರ ಕುವೆಂಪು

ಕುಂತಳ ದೇಶದ ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಕಾಗದ ಬರೆದ. ಈ ಕಾಗದ ತಂದವನಿಗೆ ವಿಷ ಕೊಡು ಅಂತ ಅದರ ತಾತ್ಪರ್ಯ. ಕಾಗದ ಹೊತ್ತು ಹೊರಟವನೇ ಸಾಯಬೇಕಾದವನು, ಚಂದ್ರಹಾಸ. ಊರ ಹೊರಗಿನ ತೋಟದಲ್ಲಿ ದಣಿದು ಮಲಗಿದವನನ್ನು ಮಂತ್ರಿಯ ಮಗಳು ನೋಡಿದಳು, ಕಾಗದ ತೆಗೆದು ಓದಿದಳು. ಅವಳ ಹೆಸರು ವಿಷಯೆ. ಇಷ್ಟು ಚೆಲುವನಿಗೆ ಅಪ್ಪ ವಿಷ ಯಾಕೆ ಕೊಡಿಸ್ತಾನೆ? ವಿಷಯೆ ಎಂದು ಬರೆಯಹೋಗಿ ಅವಸರದಲ್ಲಿ ಅಕ್ಷರ ತಪ್ಪಿರಬೇಕು ಅಂದುಕೊಂಡಳು. ಕಣ್ಣಿನ ಕಾಡಿಗೆಯಿಂದ ಆ ಅಕ್ಷರ ತಿದ್ದಿದಳು. ಮದನ ಕಾಗದ ನೋಡಿ ತಂಗಿಗೆ ಮದುವೆ ಮಾಡಿಬಿಟ್ಟ.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿರುವ ಈ ಕತೆ ಮಲೆನಾಡಿಗೆ ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಮಳೆಗಾಲದ ರಾತ್ರಿ ಕುಮಾರವ್ಯಾಸನನ್ನೂ ಜೈಮಿನಿಯನ್ನೂ ರಾಗವಾಗಿ ಓದುತ್ತಿದ್ದರು. ಯಕ್ಷಗಾನದಲ್ಲೂ ತಾಳಮದ್ದಳೆಯಲ್ಲೂ ಚಂದ್ರಹಾಸ ಬಂದು ಹೋಗುತ್ತಲೇ ಇದ್ದ. ಅದೇ ನೆಲದಲ್ಲಿ ಬೆಳೆದ ಒಬ್ಬ ಹುಡುಗ ಮುಂದೆ ಚಂದ್ರಹಾಸ ಅನ್ನುವ ಹೆಸರಲ್ಲೇ ನಾಟಕ ಬರೆದರು. ಅದು 1963ರಲ್ಲಿ ಪುಸ್ತಕವಾಗಿ ಬಂತು. ಅವರು ಕುವೆಂಪು.

ಕುವೆಂಪು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ನಾಡಗೀತೆ, ಜ್ಞಾನಪೀಠ, ಪಿಯುಸಿ ಪುಸ್ತಕದ ಪದ್ಯ. ಹೆಚ್ಚೆಂದರೆ ಎರಡು ದೊಡ್ಡ ಕಾದಂಬರಿ. ಅವರು ಹನ್ನೆರಡಕ್ಕೂ ಹೆಚ್ಚು ನಾಟಕ ಬರೆದಿದ್ದಾರೆ ಅನ್ನೋದು ಹಾಸ್ಟೆಲ್‌ನಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ನಾಟಕಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನಮಗೆ ಒಂದು ಸಂಗತಿ ಕಂಡಿತು. ಅವರು ಮತ್ತೆ ಮತ್ತೆ ಆರಿಸಿಕೊಂಡ ಕತೆಗಳಲ್ಲಿ ಎಲ್ಲೋ ಒಂದು ಸಣ್ಣ ತಪ್ಪು ಇರುತ್ತೆ. ತಪ್ಪಾಗಿ ಕೊಟ್ಟ ಒಂದು ಮಾತು, ತಪ್ಪಾಗಿ ಹುಡುಕಿದ ಒಂದು ಕಾರಣ, ಯೋಚಿಸದೆ ಕೊಟ್ಟ ಒಂದು ವರ. ಆ ತಪ್ಪಿನ ಬೆಲೆ ಯಾರು ತೆರುತ್ತಾರೆ ಅನ್ನುವುದೇ ನಾಟಕ. ಈ ದಾರಿ ಹಿಡಿದು ಅವರ ಬದುಕನ್ನು ಒಮ್ಮೆ ನೋಡೋಣ.

ಕುಪ್ಪಳಿಯಿಂದ ಮೈಸೂರಿಗೆ

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮ. ಬೆಳೆದದ್ದು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ದೊಡ್ಡ ಚೌಕಿ ಮನೆಯಲ್ಲಿ. ಸುತ್ತ ಕಾಡು, ಅಡಿಕೆ ತೋಟ, ಗದ್ದೆ. ಮೊದಲ ಅಕ್ಷರ ಕಲಿಸಲು ದಕ್ಷಿಣ ಕನ್ನಡದಿಂದ ಐಗಳು ಮನೆಗೇ ಬಂದಿದ್ದರು. ಆಮೇಲೆ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಹನ್ನೆರಡನೇ ವಯಸ್ಸಿಗೆ ತಂದೆ ತೀರಿಕೊಂಡರು. ಓದು ಅಲ್ಲಿಗೇ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಹುಡುಗ ಮೈಸೂರಿಗೆ ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲ್ ಸೇರಿದ.

ಮೈಸೂರಿನಲ್ಲಿ ಅವರು ಬರೆಯಲು ಶುರು ಮಾಡಿದ್ದು ಇಂಗ್ಲಿಷಿನಲ್ಲಿ. ಬಿಗಿನರ್ಸ್ ಮ್ಯೂಸ್ ಎಂಬ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕ 1922ರಲ್ಲಿ ಬಂತು. ದೊಡ್ಡ ಕವಿಯಾಗಬೇಕಾದರೆ ದೊಡ್ಡ ಭಾಷೆ ಬೇಕು, ಆ ಭಾಷೆ ಇಂಗ್ಲಿಷು ಅನ್ನುವ ನಂಬಿಕೆ ಆ ಕಾಲದ ಓದಿದ ಹುಡುಗರಲ್ಲಿ ಸಾಮಾನ್ಯವಾಗಿತ್ತು. ಈಗಲೂ ಇದೆ ಬಿಡಿ, ನಮ್ಮ ಪ್ಲೇಸ್‌ಮೆಂಟ್ ಸೀಸನ್ ನೋಡಿದರೆ ಸಾಕು. ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಾಗ ಪುಟ್ಟಪ್ಪ ಹೋಗಿ ತಮ್ಮ ಕವಿತೆಗಳನ್ನು ತೋರಿಸಿದರು. ಹೊಗಳಿಕೆ ಸಿಗಲಿಲ್ಲ. ನಿಮ್ಮ ಭಾಷೆಯಲ್ಲಿ ಯಾಕೆ ಬರೆಯೋದಿಲ್ಲ ಎಂದು ಕಸಿನ್ಸ್ ಕೇಳಿದರು. ಇಪ್ಪತ್ತರ ಹುಡುಗನಿಗೆ ಅದು ಹಿತವಾದ ಮಾತಲ್ಲ. ಆದರೂ ಅಲ್ಲಿಂದ ಮುಂದೆ ಅವರ ಬರವಣಿಗೆ ಕನ್ನಡಕ್ಕೆ ತಿರುಗಿತು. ಐರ್ಲೆಂಡಿನವನೊಬ್ಬ ಬಂದು ಕುಪ್ಪಳಿಯವನಿಗೆ ಕನ್ನಡ ನೆನಪಿಸಬೇಕಾಯ್ತು. ಇದನ್ನು ನಾಟಕದಲ್ಲಿ ಬರೆದಿದ್ದರೆ ಸಿನಿಮೀಯ ಅಂತ ನಾವೇ ಆಕ್ಷೇಪ ಎತ್ತುತ್ತಿದ್ದೆವು.

ಮಹಾರಾಜ ಕಾಲೇಜಿನಲ್ಲಿ 1927ರಲ್ಲಿ ಬಿ.ಎ., 1929ರಲ್ಲಿ ಎಂ.ಎ. ಮುಗಿಯಿತು. ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ, ಎ.ಆರ್. ಕೃಷ್ಣಶಾಸ್ತ್ರಿ ಮುಂತಾದವರು ಆಗ ಮೈಸೂರಿನಲ್ಲಿ ಕನ್ನಡಕ್ಕೆ ಹೊಸ ದಾರಿ ಹುಡುಕುತ್ತಿದ್ದ ಕಾಲ. ಪುಟ್ಟಪ್ಪನವರು ರಾಮಕೃಷ್ಣ ಆಶ್ರಮದಲ್ಲಿದ್ದುಕೊಂಡು ಓದಿದರು, ಬರೆದರು. ಎಂ.ಎ. ಆದ ವರ್ಷವೇ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ನಾಟಕಗಳ ಮೊದಲ ಗುಂಪು ಬಂದದ್ದು ಈ ವರ್ಷಗಳಲ್ಲೇ. 1928ರಲ್ಲಿ ಜಲಗಾರ ಮತ್ತು ಯಮನ ಸೋಲು, 1930ರಲ್ಲಿ ಬಿರುಗಾಳಿ, 1931ರಲ್ಲಿ ವಾಲ್ಮೀಕಿಯ ಭಾಗ್ಯ, ಮಹಾರಾತ್ರಿ, ಶ್ಮಶಾನ ಕುರುಕ್ಷೇತ್ರಂ, 1932ರಲ್ಲಿ ರಕ್ತಾಕ್ಷಿ. ಆಗ ಅವರಿಗೆ ಇನ್ನೂ ಮೂವತ್ತಾಗಿರಲಿಲ್ಲ.

ಯಮ ತಪ್ಪಿದ ಒಂದು ಚೆಕ್

ಯಮನ ಸೋಲು ಸಾವಿತ್ರಿ ಸತ್ಯವಾನರ ಕತೆ. ಮಹಾಭಾರತದಲ್ಲಿ ಯಮ ಸತ್ಯವಾನನ ಪ್ರಾಣ ತೆಗೆದುಕೊಂಡು ಹೊರಡುತ್ತಾನೆ, ಸಾವಿತ್ರಿ ಬೆನ್ನು ಬಿಡೋದಿಲ್ಲ. ಗಂಡನ ಪ್ರಾಣವೊಂದನ್ನು ಬಿಟ್ಟು ಏನಾದರೂ ಕೇಳು ಅಂತಾನೆ ಯಮ. ಮಾವನಿಗೆ ಕಣ್ಣು ಬರಲಿ, ಹೋದ ರಾಜ್ಯ ಸಿಗಲಿ. ಕೊಟ್ಟ. ತಂದೆಗೆ ನೂರು ಮಕ್ಕಳಾಗಲಿ. ಕೊಟ್ಟ. ನನಗೂ ನೂರು ಮಕ್ಕಳಾಗಲಿ. ಅದನ್ನೂ ಕೊಟ್ಟ. ಆಮೇಲೆ ಅರ್ಥವಾಗುತ್ತೆ, ಗಂಡ ಇಲ್ಲದೆ ಈ ವರ ಹೇಗೆ ನಡೆಯುತ್ತೆ ಅಂತ.

ಯಮನ ನಿಯಮ ಸರಿಯಾಗಿಯೇ ಇತ್ತು. ಕೇಳಿದ ವರದಲ್ಲಿ ಸತ್ಯವಾನನ ಪ್ರಾಣ ಅನ್ನುವ ಮಾತು ಇದೆಯಾ ಅಂತ ಅವನು ನೋಡಿದ, ಇರಲಿಲ್ಲ, ಬಿಟ್ಟ. ಆ ವರ ಒಳಗೊಳಗೇ ಯಾವುದನ್ನು ಬೇಡುತ್ತೆ ಎಂದು ನೋಡಲಿಲ್ಲ. ಕೋಡ್ ಬರೆಯುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಇನ್‌ಪುಟ್ ಒಂದೊಂದೂ ಸರಿ, ಎಲ್ಲ ಸೇರಿದಾಗ ಬಾಗಿಲು ತೆರೆದಿರುತ್ತೆ. ವ್ಯತ್ಯಾಸ ಏನೆಂದರೆ ನಾವು ಬಗ್ ಅಂತ ಕರೆಯುವುದನ್ನು ಇಲ್ಲಿ ಪ್ರೀತಿ ಹುಡುಕಿ ಬಳಸಿಕೊಂಡಿದೆ. ಯುವ ಕುವೆಂಪು ತಮ್ಮ ನಾಟಕಕ್ಕೆ ಸಾವಿತ್ರಿಯ ಗೆಲುವು ಅಂತ ಹೆಸರಿಡಲಿಲ್ಲ, ಯಮನ ಸೋಲು ಅಂದರು. ಎಂದೂ ತಪ್ಪದವನು ತಪ್ಪಿದ ಕಡೆಗೆ ನಮ್ಮನ್ನು ತಿರುಗಿಸಿದರು.

ಅದೇ ವರ್ಷದ ಜಲಗಾರದಲ್ಲಿರೋದು ಗುರುತು ಹಿಡಿಯುವುದರ ತಪ್ಪು. ಊರಿನ ಜನ ಶಿವನನ್ನು ನೋಡಲು ಗುಡಿಗೆ ಹೋಗ್ತಾರೆ, ಬೀದಿ ಗುಡಿಸುವವನು ಬೀದಿಯಲ್ಲೇ ಇರ್ತಾನೆ. ಶಿವ ಬರುವುದು ಅವನ ಬಳಿಗೆ, ಅದೂ ಜಾಡಮಾಲಿಯಾಗಿ. ಗುಡಿಗೆ ಹೋದವರ ಭಕ್ತಿ ಸುಳ್ಳಲ್ಲ, ವಿಳಾಸ ತಪ್ಪು. ಸುಮಾರು ನೂರು ವರ್ಷದ ಹಿಂದೆ, ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನ ಒಬ್ಬ ಹುಡುಗ, ಅಂದರೆ ನಮ್ಮ ಸೀನಿಯರ್‌ಗಳ ವಯಸ್ಸಿನವನು, ಪೊರಕೆ ಹಿಡಿದವನನ್ನು ನಾಯಕನನ್ನಾಗಿ ಮಾಡಿ ನಾಟಕ ಬರೆದ ಅನ್ನೋದನ್ನು ಸುಮ್ಮನೆ ಒಮ್ಮೆ ಯೋಚನೆ ಮಾಡಿ.

ಹ್ಯಾಮ್ಲೆಟ್ ಬಿದನೂರಿಗೆ ಬಂದ

ಈಗ ಸಾಗರ, ಹೊಸನಗರದ ಕಡೆ ಬರೋಣ. ಕೆಳದಿ ಅರಸರು ಮೊದಲು ಆಳಿದ್ದು ಸಾಗರದ ಪಕ್ಕದ ಕೆಳದಿಯಿಂದ. ಆಮೇಲೆ ರಾಜಧಾನಿ ಇಕ್ಕೇರಿಗೆ ಬಂತು, ಅದೂ ಸಾಗರದ ಬಳಿಯೇ. ಅಘೋರೇಶ್ವರ ದೇವಸ್ಥಾನ ಇವತ್ತಿಗೂ ಅಲ್ಲಿದೆ. 17ನೇ ಶತಮಾನದಲ್ಲಿ ರಾಜಧಾನಿ ಇನ್ನೂ ಒಳಗೆ, ಘಟ್ಟದ ಕಾಡಿನ ಅಂಚಿಗೆ, ಬಿದನೂರಿಗೆ ಹೋಯಿತು. ಇವತ್ತು ಹೊಸನಗರ ತಾಲೂಕಿನಲ್ಲಿ ನಗರ ಅಂತ ಕರೆಯುವ ಊರು ಅದೇ. ಶಿವಪ್ಪನಾಯಕನ ಕಾಲದಲ್ಲಿ ಮೆರೆದ ಊರು. 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದ, ತನ್ನ ಹೆಸರಿಟ್ಟ. ರಸ್ತೆ ಪಕ್ಕದಲ್ಲೇ ಕೋಟೆ ಇದೆ. ಕೊಡಚಾದ್ರಿ ಟ್ರಿಪ್‌ಗೆ ಹೋಗುವಾಗ ನಮ್ಮಲ್ಲಿ ಎಷ್ಟೋ ಜನ ಫೋಟೋ ತೆಗೆಸಿಕೊಂಡಿದ್ದೇವೆ.

ಆ ರಾಜ್ಯದ ಕೊನೆಗಾಲದ ಅರಮನೆಯ ಬಗ್ಗೆ ಒಳಸಂಚು, ದತ್ತುಮಗನ ಸಾವು, ರಾಣಿಯ ಸುತ್ತ ಗುಸುಗುಸು ಎಂಬಂಥ ಕತೆಗಳು ಮಲೆನಾಡಿನಲ್ಲಿ ಉಳಿದಿದ್ದವು. ಕುವೆಂಪು ಆ ಕತೆಗಳ ಮೇಲೆ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕವನ್ನು ತಂದು ಕೂರಿಸಿದರು. ಡೆನ್ಮಾರ್ಕಿನ ಅರಮನೆ ಬಿದನೂರಿನ ಅರಮನೆಯಾಯ್ತು. ರಾಜಕುಮಾರ ಹ್ಯಾಮ್ಲೆಟ್ ಬಸವಯ್ಯನಾದ. ಸಿಂಹಾಸನದ ಮೇಲೆ ಕಣ್ಣಿಟ್ಟವನು ನಿಂಬಯ್ಯನಾದ. ಅದು ರಕ್ತಾಕ್ಷಿ. ಬರೇ ಅನುವಾದ ಮಾಡಿದ್ದರೆ ಇಂಗ್ಲಿಷ್ ಮೇಷ್ಟ್ರುಗಳು ಮೆಚ್ಚಿ ಸುಮ್ಮನಾಗುತ್ತಿದ್ದರು. ಈ ಮನುಷ್ಯ ಅದನ್ನು ತಮ್ಮ ಊರ ಪಕ್ಕದ ಕೋಟೆಯೊಳಗೆ ತಂದು ಹಾಕಿದರು.

ಹ್ಯಾಮ್ಲೆಟ್ ನಾಟಕವನ್ನು ಸಣ್ಣ ತಪ್ಪುಗಳ ಪಟ್ಟಿ ಎಂದೇ ಓದಬಹುದು. ಪರದೆಯ ಹಿಂದೆ ನಿಂತವನು ರಾಜ ಎಂದುಕೊಂಡು ಹ್ಯಾಮ್ಲೆಟ್ ಕತ್ತಿ ತೂರಿಸುತ್ತಾನೆ, ಸಾಯುವವನು ಒಫೀಲಿಯಾಳ ಅಪ್ಪ. ತನ್ನ ಸಾವಿನ ಆಜ್ಞೆ ಇದ್ದ ಕಾಗದವನ್ನು ಹಡಗಿನಲ್ಲಿ ಬದಲಿಸಿಬಿಡುತ್ತಾನೆ, ತಲೆ ಕೊಡುವವರು ಜೊತೆಗಿದ್ದ ಹಳೇ ಗೆಳೆಯರು. ನಮ್ಮ ಚಂದ್ರಹಾಸನ ಕಾಗದಕ್ಕೆ ಇದು ಎಷ್ಟು ಹತ್ತಿರ ನೋಡಿ! ಕೊನೆಗೆ ವಿಷ ಬೆರೆಸಿದ ಬಟ್ಟಲನ್ನು ರಾಣಿ ಗೊತ್ತಿಲ್ಲದೆ ಕುಡಿಯುತ್ತಾಳೆ, ವಿಷ ಸವರಿದ ಕತ್ತಿ ಹೊಡೆದಾಟದಲ್ಲಿ ಕೈಬದಲಾಗುತ್ತೆ. ಒಬ್ಬರಿಗೆ ಇಟ್ಟದ್ದು ಇನ್ನೊಬ್ಬರಿಗೆ ತಗಲುತ್ತಾ ಹೋಗುತ್ತೆ.

ಈ ಸರಪಳಿಯಲ್ಲಿ ಏನೂ ಮಾಡದೆ ಎಲ್ಲ ಕಳಕೊಳ್ಳುವವಳು ಒಫೀಲಿಯಾ. ಅಪ್ಪ ಸತ್ತ, ಪ್ರೀತಿಸಿದವನೇ ಕೊಂದ, ಹುಚ್ಚು ಹಿಡಿಯಿತು, ನೀರಿನಲ್ಲಿ ಮುಳುಗಿ ಸತ್ತಳು. ಕುವೆಂಪು ಕೈಯಾಡಿಸಿದ್ದು ಇಲ್ಲೇ. ಅವರ ರುದ್ರಾಂಬೆ ಸುಮ್ಮನೆ ಸಾಯೋದಿಲ್ಲ. ಅವಳ ದುಃಖ ಕೆಂಪು ಕಣ್ಣಿನ ಕೋಪವಾಗುತ್ತೆ, ಸೇಡಿನ ಕೆಲಸ ಅವಳ ಕೈಗೆ ಬರುತ್ತೆ. ನಾಟಕದ ಹೆಸರು ರಾಜಕುಮಾರನದಲ್ಲ, ಅವಳದು. ಇನ್ನೊಬ್ಬರ ತಪ್ಪಿಗೆ ಬೆಲೆ ತೆತ್ತವಳು ಕಡೆಗೆ ಲೆಕ್ಕ ಕೇಳಲು ಎದ್ದು ನಿಲ್ಲುತ್ತಾಳೆ. 1932ರಲ್ಲಿ ಕನ್ನಡದಲ್ಲಿ ಈ ತಿದ್ದುಪಡಿ ನಡೆದಿದೆ ಅನ್ನೋದು ನಮಗೆ ಬಹಳ ದೊಡ್ಡ ಸಂಗತಿ ಅನ್ನಿಸಿತು.

ಅದಕ್ಕೂ ಮುಂಚಿನ ಬಿರುಗಾಳಿ ಶೇಕ್ಸ್‌ಪಿಯರನ ದಿ ಟೆಂಪೆಸ್ಟ್ ನಾಟಕದ ಕನ್ನಡ ರೂಪ. ಮೂಲದಲ್ಲಿ ಎಲ್ಲ ಶುರುವಾಗುವುದು ಪ್ರಾಸ್ಪೆರೊ ಮಾಡಿದ ಒಂದು ತಪ್ಪಿನಿಂದ: ರಾಜ್ಯದ ಕೆಲಸ ತಮ್ಮನಿಗೆ ಬಿಟ್ಟು ತಾನು ಪುಸ್ತಕದಲ್ಲಿ ಮುಳುಗಿದ. ಮೇಲೆ ಎದ್ದು ನೋಡುವಷ್ಟರಲ್ಲಿ ರಾಜ್ಯ ಇರಲಿಲ್ಲ. ಸೆಮಿಸ್ಟರ್ ಪೂರ್ತಿ ಓದುವವರು ಇದನ್ನು ಕ್ಲಬ್ ಮೀಟಿಂಗಿಗೆ ಬರದಿರಲು ಕಾರಣ ಅಂತ ಹೇಳಬೇಡಿ, ಬರಬೇಕೆನ್ನಲು ಕಾರಣ ಅಂತ ತಗೊಳ್ಳಿ.

ತಪ್ಪಾಗಿ ಹುಡುಕಿದ ಕಾರಣ

1936ರಲ್ಲಿ ಕುವೆಂಪು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು. ಕಾನೂರು ಹೆಗ್ಗಡಿತಿ ಕಾದಂಬರಿ ಬಂದದ್ದೂ ಆ ವರ್ಷವೇ. 1937ರಲ್ಲಿ ಹೇಮಾವತಿಯವರೊಂದಿಗೆ ಮದುವೆಯಾಯಿತು. ರಾಮಾಯಣ ದರ್ಶನದ ಬರವಣಿಗೆ ನಡೆಯುತ್ತಿದ್ದಾಗಲೇ, 1944ರಲ್ಲಿ, ಶೂದ್ರ ತಪಸ್ವಿ ಬಂತು.

ಕತೆ ಉತ್ತರ ರಾಮಾಯಣದ್ದು. ಬ್ರಾಹ್ಮಣನೊಬ್ಬನ ಮಗ ಅಕಾಲದಲ್ಲಿ ಸಾಯುತ್ತಾನೆ. ಕಾರಣ ಏನು? ಶೂದ್ರನೊಬ್ಬ ತಪಸ್ಸು ಮಾಡ್ತಿದ್ದಾನೆ, ಅದೇ ಕಾರಣ. ಮೂಲ ಕತೆಯಲ್ಲಿ ರಾಮ ಹೋಗಿ ಶಂಬೂಕನ ತಲೆ ಕಡಿಯುತ್ತಾನೆ, ಹುಡುಗ ಬದುಕುತ್ತಾನೆ. ಎಂಜಿನಿಯರಿಂಗ್ ಓದುವ ನಾವು ಇದನ್ನು ಏನಂತ ಕರೆಯುತ್ತೇವೆ? ಒಂದು ವೈಫಲ್ಯ ಆಗಿದೆ, ಮೂಲ ಕಾರಣ ಹುಡುಕಬೇಕು. ಆದರೆ ಹುಡುಕುವವನು ಮೊದಲೇ ಯಾರ ಮೇಲೆ ಹೊರಿಸಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದಾನೆ. ಯಂತ್ರ ಕೆಟ್ಟಾಗ ಎಲ್ಲರಿಗಿಂತ ಕಡಿಮೆ ಸಂಬಳದವನ ಕಡೆ ಬೊಟ್ಟು ಮಾಡುವುದು ಇವತ್ತಿಗೂ ನಡೆಯುತ್ತೆ.

ಕುವೆಂಪು ಕತೆಯನ್ನು ತಿರುಗಿಸಿದರು. ಅವರ ನಾಟಕದಲ್ಲಿ ರಾಮ ಅಸ್ತ್ರ ಬಿಡುತ್ತಾನೆ. ಅಸ್ತ್ರ ತಪಸ್ವಿಯ ಬಳಿ ಹೋಗಿ ಅವನಿಗೆ ನಮಸ್ಕರಿಸುತ್ತೆ, ಕೊಲ್ಲೋದಿಲ್ಲ. ಪಾಪಿ ಯಾರೋ ಅವನನ್ನು ಹುಡುಕಿಕೊಂಡು ದೂರು ಕೊಟ್ಟ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತೆ. ಅವನು ಓಡಿ ಓಡಿ, ಕೊನೆಗೆ ತನ್ನ ತಪ್ಪು ಒಪ್ಪಿ ತಪಸ್ವಿಗೆ ತಲೆಬಾಗಿದಾಗ ಮಗನೂ ಬದುಕುತ್ತಾನೆ. ತಪ್ಪು ಅಸ್ತ್ರದಲ್ಲಿರಲಿಲ್ಲ, ಅದಕ್ಕೆ ಹೇಳಿದ ಗುರಿಯಲ್ಲಿತ್ತು. ರಾಮನನ್ನೂ ಉಳಿಸಿಕೊಂಡು ಶಂಬೂಕನನ್ನೂ ಉಳಿಸಿಕೊಂಡ ಜಾಣ್ಮೆ ಇದು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಇದನ್ನು ಟೀಕಿಸಿ ಬರೆದರು, ಕುವೆಂಪು ಉತ್ತರ ಕೊಟ್ಟರು. ಹಳೆಯ ಕತೆಯನ್ನು ಎಷ್ಟು ಬದಲಿಸಬಹುದು, ಬದಲಿಸಲು ಯಾರಿಗೆ ಹಕ್ಕಿದೆ ಅನ್ನುವ ಜಗಳ ಅದು. ಇವತ್ತಿಗೂ ಮುಗಿದಿಲ್ಲ. ನಾವು ಕ್ಲಬ್ಬಿನಲ್ಲಿ ಈ ನಾಟಕ ಓದಿದಾಗಲೂ ಎರಡು ಗುಂಪಾಯಿತು. ಬದಲಿಸುವ ಬದಲು ಹೊಸ ಕತೆ ಬರೆಯಬಹುದಿತ್ತಲ್ಲ ಅಂದವರು ಕೆಲವರು. ಈ ಕತೆಯಲ್ಲಿ ಸತ್ತವನಿಗೆ ಈ ಕತೆಯಲ್ಲೇ ನ್ಯಾಯ ಸಿಗಬೇಕು ಅಂದವರು ಕೆಲವರು. ನಮ್ಮ ಒಲವು ಎರಡನೆಯದರ ಕಡೆಗೆ.

ಬೆರಳು ಮತ್ತು ಕೊರಳು

ಗ್ರೀಕ್ ದುರಂತ ನಾಟಕಗಳ ಬಗ್ಗೆ ಬರೆಯುತ್ತಾ ಅರಿಸ್ಟಾಟಲ್ ಹಮಾರ್ತಿಯಾ ಅನ್ನುವ ಮಾತು ಬಳಸಿದ್ದಾನೆ. ಒಳ್ಳೆಯವನೇ ಆದ ನಾಯಕ ಒಂದು ತಪ್ಪಿನಿಂದ ಬೀಳುತ್ತಾನೆ, ಆ ತಪ್ಪಿಗೆ ಈ ಹೆಸರು. ಅದರ ಬೇರು ಬಿಲ್ಲುಗಾರರ ಮಾತು: ಬಾಣ ಗುರಿ ತಪ್ಪುವುದು. ಈ ಗ್ರೀಕ್ ದುರಂತವನ್ನು ಕನ್ನಡಕ್ಕೆ ತರುವ ಕೆಲಸವನ್ನು ಬಿ.ಎಂ. ಶ್ರೀ ಮಾಡಿದ್ದರು. ಸೊಫೊಕ್ಲೀಸನ ಅಯಾಸ್ ಕತೆಯನ್ನು ಮಹಾಭಾರತದ ಅಶ್ವತ್ಥಾಮನ ಮೇಲೆ ಕೂರಿಸಿದ ಅವರ ಅಶ್ವತ್ಥಾಮನ್ 1929ರದು. ಕುವೆಂಪು ಅದೇ ಮಹಾಭಾರತದಿಂದ ಬಿಲ್ಲುಗಾರನೊಬ್ಬನನ್ನು ಆರಿಸಿಕೊಂಡರು, ಎಂದೂ ಗುರಿ ತಪ್ಪದವನನ್ನು. ಏಕಲವ್ಯ. ಬೆರಳ್‌ಗೆ ಕೊರಳ್ ಬಂದದ್ದು 1947ರಲ್ಲಿ.

ಅರ್ಜುನನಿಗೆ ಸಮನಾದ ಬಿಲ್ಲುಗಾರ ಇನ್ನೊಬ್ಬ ಇರೋದಿಲ್ಲ ಅಂತ ದ್ರೋಣ ಎಂದೋ ಒಂದು ಮಾತು ಕೊಟ್ಟಿದ್ದ. ಶಿಷ್ಯನ ಮೇಲಿನ ಪ್ರೀತಿಗೆ ಬಾಯಿಂದ ಬಂದ ಮಾತು. ಮೇಷ್ಟ್ರುಗಳು ಹೀಗೆ ಹೇಳ್ತಾರಲ್ಲ, ನಿನ್ನಂಥವನು ಇನ್ನೊಬ್ಬ ಇಲ್ಲ ಅಂತ. ಆ ಮಾತನ್ನು ಉಳಿಸಿಕೊಳ್ಳಬೇಕಾಗಿ ಬಂದಾಗ ಕಾಡಿನ ಹುಡುಗನ ಹೆಬ್ಬೆರಳು ಹೋಯಿತು. ಮಾತು ಕೊಟ್ಟವನು ದ್ರೋಣ, ಲಾಭ ಅರ್ಜುನನದು, ನಷ್ಟ ಮಾತ್ರ ಏಕಲವ್ಯನದು.

ಕತೆ ಅಲ್ಲಿಗೆ ಮುಗಿಯೋದಿಲ್ಲ ಅನ್ನುವುದು ನಾಟಕದ ಹೆಸರಿನಲ್ಲೇ ಇದೆ. ಕುರುಕ್ಷೇತ್ರದ ಹದಿನೈದನೇ ದಿನ ಅಶ್ವತ್ಥಾಮ ಸತ್ತ ಅನ್ನುವ ಸುದ್ದಿ ದ್ರೋಣನ ಕಿವಿಗೆ ಬೀಳುತ್ತೆ. ಸತ್ತದ್ದು ಅದೇ ಹೆಸರಿನ ಆನೆ. ಧರ್ಮರಾಯ ಆನೆ ಅನ್ನುವ ಮಾತನ್ನು ಮೆತ್ತಗೆ ಹೇಳುತ್ತಾನೆ. ದ್ರೋಣನಿಗೆ ಕೇಳೋದಿಲ್ಲ. ಬಿಲ್ಲು ಕೆಳಗಿಡುತ್ತಾನೆ, ಧೃಷ್ಟದ್ಯುಮ್ನ ಕೊರಳು ಕತ್ತರಿಸುತ್ತಾನೆ. ಒಂದು ಪದ ಕಿವಿ ತಪ್ಪಿದ್ದಕ್ಕೆ ಒಂದು ತಲೆ. ಕಾಕತಾಳೀಯ ಅಂತ ಇದನ್ನು ಬಿಡಬಹುದಿತ್ತು. ಕುವೆಂಪು ಬಿಡಲಿಲ್ಲ. ಬೆರಳಿಗೆ ಕೊರಳು ಅಂತ ಲೆಕ್ಕ ಜೋಡಿಸಿದರು. ಯುದ್ಧಭೂಮಿಯ ತಪ್ಪಿಗೆ ಬೇರು ಕಾಡಿನಲ್ಲಿದೆ ಅಂತ ತೋರಿಸಿದರು.

ಸಣ್ಣ ತಪ್ಪಿನಿಂದ ಕತೆ ತಿರುಗುವುದು ಸುಲಭದ ಉಪಾಯ ಅಂತ ನಮ್ಮಲ್ಲಿ ಹಲವರ ದೂರು. ಶಕುಂತಲೆಯ ಉಂಗುರ ನೀರಿಗೆ ಬೀಳದಿದ್ದರೆ? ಡೆಸ್ಡೆಮೋನಾ ಕರ್ಚೀಫು ಬೀಳಿಸದಿದ್ದರೆ? ರೋಮಿಯೋಗೆ ಬರೆದ ಕಾಗದ ಹೊತ್ತವನನ್ನು ಪ್ಲೇಗಿನ ಭಯದಿಂದ ಮನೆಯಲ್ಲಿ ಕೂಡಿಹಾಕದಿದ್ದರೆ? ನಾಟಕವೇ ಇಲ್ಲ, ಅಲ್ವಾ? ಆದರೆ ಸ್ವಲ್ಪ ನಿಧಾನವಾಗಿ ನೋಡಿ. ಹೆಂಡತಿಯ ಮಾತನ್ನು ನಂಬುವ ಗಂಡನಿದ್ದಿದ್ದರೆ ಕರ್ಚೀಫು ಬಿದ್ದರೂ ಏನೂ ಆಗುತ್ತಿರಲಿಲ್ಲ. ಹೆಣ್ಣಿನ ಮಾತಿಗೆ ಸಾಕ್ಷಿಯಾಗಿ ಉಂಗುರ ಬೇಕೇ ಬೇಕು ಅನ್ನುವ ಸಭೆ ಇಲ್ಲದಿದ್ದರೆ ಉಂಗುರ ಕಳೆದರೂ ಶಕುಂತಲೆ ಬೀದಿಗೆ ಬೀಳುತ್ತಿರಲಿಲ್ಲ. ಸಣ್ಣ ತಪ್ಪು ದೊಡ್ಡದಾಗಲು ಅದರ ಹಿಂದೆ ದೊಡ್ಡದೊಂದು ಬಿರುಕು ಮೊದಲೇ ಇರಬೇಕು. ಸೇತುವೆ ಬಿದ್ದಾಗ ಒಂದು ಬೋಲ್ಟ್ ಸಡಿಲವಾಗಿತ್ತು ಅಂತ ವರದಿ ಬಂದರೆ ನಾವು ಕೇಳಬೇಕಾದ ಪ್ರಶ್ನೆಯೂ ಅದೇ: ಒಂದೇ ಬೋಲ್ಟಿನ ಮೇಲೆ ಸೇತುವೆ ನಿಲ್ಲಿಸಿದವರು ಯಾರು?

ಆಮೇಲಿನ ದಾರಿ

ಕುವೆಂಪು 1946ರಲ್ಲಿ ಪ್ರಾಧ್ಯಾಪಕರಾಗಿ ಮಹಾರಾಜ ಕಾಲೇಜಿಗೆ ಮರಳಿದರು. ಶ್ರೀ ರಾಮಾಯಣ ದರ್ಶನಂ 1949ರಿಂದ ಪುಸ್ತಕವಾಗಿ ಬರತೊಡಗಿತು. ಅದಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷ ಪ್ರಿನ್ಸಿಪಾಲರಾದರು, ಮರುವರ್ಷ ಮೈಸೂರು ವಿಶ್ವವಿದ್ಯಾಲಯದ ಕುಲಪತಿ. ತಾವು ಓದಿದ ವಿಶ್ವವಿದ್ಯಾಲಯದ ಮುಖ್ಯ ಕುರ್ಚಿಗೆ ಕುಪ್ಪಳಿಯ ಹುಡುಗ ಬಂದು ಕೂತರು. 1957ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರು ಕುಲಪತಿಯಾಗಿದ್ದ 1960ರವರೆಗಿನ ಆ ಕಾಲದಲ್ಲೇ ಮಾನಸಗಂಗೋತ್ರಿ ರೂಪುಗೊಂಡಿತು. ವಿಜ್ಞಾನವೂ ಸೇರಿ ಎಲ್ಲವನ್ನೂ ಕನ್ನಡದಲ್ಲಿ ಕಲಿಸಬಹುದು, ಕಲಿಸಬೇಕು ಎಂದು ಅವರು ಬಿಡದೆ ವಾದಿಸಿದರು. ಇಪ್ಪತ್ತನೇ ವಯಸ್ಸಿನಲ್ಲಿ ಸ್ವತಃ ಇಂಗ್ಲಿಷಿನ ಕಡೆ ಹೋಗಿ ಬಂದವರ ಮಾತು ಅದು. ಹಾಗಾಗಿ ಅದರಲ್ಲಿ ತೂಕ ಇದೆ.

1964ರಲ್ಲಿ ರಾಷ್ಟ್ರಕವಿ ಎನಿಸಿದರು. 1967 ದೊಡ್ಡ ವರ್ಷ, ಮಲೆಗಳಲ್ಲಿ ಮದುಮಗಳು ಬಂತು. ಅದೇ ವರ್ಷದ ಜ್ಞಾನಪೀಠ ಗುಜರಾತಿಯ ಉಮಾಶಂಕರ ಜೋಶಿಯವರ ಜೊತೆಗೆ ಇವರದಾಯಿತು. ಕನ್ನಡಕ್ಕೆ ಅದು ಮೊದಲ ಜ್ಞಾನಪೀಠ. 1974ರಲ್ಲಿ ಬಂದ ಕಾನೀನ ನಾಟಕ ಮತ್ತೆ ಮಹಾಭಾರತಕ್ಕೆ, ಕರ್ಣನ ಕತೆಗೆ ಹೋಗುತ್ತದೆ. ಅಲ್ಲೂ ಬೇರು ಒಂದು ಸಣ್ಣ ತಪ್ಪೇ. ಮಂತ್ರ ನಿಜವಾಗಿ ಫಲಿಸುತ್ತದೋ ಇಲ್ಲವೋ ನೋಡೋಣ ಅಂತ ಕುಂತಿ ಎಂಬ ಹುಡುಗಿ ಒಮ್ಮೆ ಪರೀಕ್ಷೆ ಮಾಡಿದಳು. ಆ ಕುತೂಹಲಕ್ಕೆ ಜೀವನಪೂರ್ತಿ ಬೆಲೆ ತೆತ್ತವನು ಮಗ. ಇಪ್ಪತ್ತನಾಲ್ಕರಲ್ಲಿ ಹಿಡಿದ ಎಳೆಯನ್ನು ಎಪ್ಪತ್ತರ ಹತ್ತಿರವೂ ಅವರು ಬಿಟ್ಟಿರಲಿಲ್ಲ.

ರಾಜ್ಯ ಸರ್ಕಾರ 1992ರಲ್ಲಿ ಕರ್ನಾಟಕ ರತ್ನ ಕೊಟ್ಟಿತು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಸಮಾಧಿ ಇರುವುದು ಕುಪ್ಪಳಿಯ ಕವಿಶೈಲದಲ್ಲಿ, ಅವರು ಹುಡುಗನಾಗಿ ಹತ್ತಿ ಕೂತು ಕಾಡು ನೋಡುತ್ತಿದ್ದ ಬಂಡೆಗಳ ನಡುವೆ. ಮನೆ ಈಗ ಸ್ಮಾರಕವಾಗಿದೆ.

ಅವರ ನಾಟಕಗಳ ಮೇಲೆ ಒಂದು ಹಳೆಯ ಆಕ್ಷೇಪ ಇದೆ, ಇವು ಓದಲು ಚೆಂದ, ಆಡಲು ಕಷ್ಟ ಅಂತ. ಹಲವು ನಾಟಕಗಳು ಸರಳ ರಗಳೆಯಲ್ಲಿವೆ, ಭಾಷೆ ಹಳಗನ್ನಡದ ಕಡೆ ವಾಲುತ್ತೆ. ಮೊದಲ ಓದಿಗೆ ನಾವೂ ತಡವರಿಸಿದ್ದು ನಿಜ. ಆದರೆ ಸಾಗರದ ಹತ್ತಿರದ ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಶುರುವಾಗಿ, ಹಳ್ಳಿ ಜನ ಶೇಕ್ಸ್‌ಪಿಯರನನ್ನೂ ಕಾಳಿದಾಸನನ್ನೂ ಕೂತು ನೋಡುವಂತಾಯ್ತು. 2010ರಲ್ಲಿ ಮೈಸೂರು ರಂಗಾಯಣ ಮಲೆಗಳಲ್ಲಿ ಮದುಮಗಳು ಕಾದಂಬರಿಯನ್ನೇ ಇಡೀ ರಾತ್ರಿಯ ನಾಟಕವಾಗಿ ಆಡಿದಾಗ ಜನ ಬೆಳಗಿನವರೆಗೆ ಏಳಲಿಲ್ಲ. ಹಾಗಿರುವಾಗ ಕಷ್ಟ ಅನ್ನುವುದು ಪೂರ್ತಿ ಉತ್ತರವಲ್ಲ.

ವಿಷಯೆ ಓದಿದ ಬಗೆ

ಚಂದ್ರಹಾಸನ ಕತೆ ಮದುವೆಯಲ್ಲಿ ನಿಲ್ಲೋದಿಲ್ಲ. ಅಳಿಯನನ್ನು ಮುಗಿಸಲೇಬೇಕು ಅಂತ ದುಷ್ಟಬುದ್ಧಿ ಊರ ಹೊರಗಿನ ಚಂಡಿಕೆಯ ಗುಡಿಯಲ್ಲಿ ಕೊಲೆಗಾರರನ್ನು ನಿಲ್ಲಿಸುತ್ತಾನೆ, ಪೂಜೆಗೆ ಹೋಗು ಅಂತ ಚಂದ್ರಹಾಸನನ್ನು ಕಳಿಸುತ್ತಾನೆ. ದಾರಿಯಲ್ಲಿ ಮದನ ಸಿಗುತ್ತಾನೆ, ರಾಜ ನಿನ್ನನ್ನು ಕರೀತಿದ್ದಾನೆ, ನೀನು ಅಲ್ಲಿಗೆ ಹೋಗು, ಪೂಜೆಗೆ ನಾನು ಹೋಗ್ತೀನಿ ಅಂತಾನೆ. ಕೊಲೆಗಾರರಿಗೆ ಬಂದವನು ಯಾರು ಅಂತ ಗೊತ್ತಾಗೋದಿಲ್ಲ. ಮಗನ ಹೆಣ ನೋಡಿ ಅಪ್ಪನೂ ಸಾಯುತ್ತಾನೆ. ಕೊನೆಗೆ ಚಂದ್ರಹಾಸ ತನ್ನನ್ನೇ ದೇವಿಗೆ ಕೊಡಲು ಹೊರಟು, ಆಗ ಇಬ್ಬರೂ ಬದುಕುತ್ತಾರೆ. ತನ್ನನ್ನು ಕೊಲ್ಲಲು ನೋಡಿದವನನ್ನೂ ಅವನು ಬದುಕಿಸಿಕೊಳ್ಳುತ್ತಾನೆ.

ಇಡೀ ಕತೆಯಲ್ಲಿ ತಪ್ಪುಗಳು ಎಷ್ಟಿವೆ ಅಂತ ಎಣಿಸಿ ನೋಡಿ. ಅಪ್ಪನ ಕಾಗದದಲ್ಲಿ ಅಕ್ಷರದೋಷ ಇರಲೇ ಇಲ್ಲ. ಅವನು ಬರೆಯಬೇಕೆಂದದ್ದನ್ನೇ ಬರೆದಿದ್ದ. ತಪ್ಪು ಓದಿದವಳು ವಿಷಯೆ. ನನ್ನ ಅಪ್ಪ ಇಂಥ ಕೆಲಸ ಮಾಡಲಾರ, ಇದು ಕೈತಪ್ಪೇ ಇರಬೇಕು ಅಂತ ಅವಳು ನಂಬಿದಳು. ಅಪ್ಪನ ವಿಷಯದಲ್ಲಿ ಅವಳ ನಂಬಿಕೆ ಸುಳ್ಳಾಯಿತು, ಆದರೆ ಅದೇ ನಂಬಿಕೆಯಿಂದ ಒಂದು ಜೀವ ಉಳಿಯಿತು. ದ್ರೋಣನ ಮಾತು, ಬ್ರಾಹ್ಮಣನ ದೂರು, ಧರ್ಮರಾಯನ ಮೆಲುದನಿ ಇವೆಲ್ಲ ಬೆಲೆಯನ್ನು ಬೇರೆಯವರ ಮೇಲೆ ಹಾಕಿದ ತಪ್ಪುಗಳು. ವಿಷಯೆಯ ತಪ್ಪಿನಿಂದ ಮಾತ್ರ ಯಾರೂ ಬೆರಳು ಕಳಕೊಳ್ಳಲಿಲ್ಲ.

ಈ ಸಲ ಫೆಸ್ಟಿಗೆ ಸ್ಕಿಟ್ ಹುಡುಕುತ್ತಿರುವ ಜೂನಿಯರ್‌ಗಳಿಗೆ ನಮ್ಮ ಸಲಹೆ ಇಷ್ಟೇ. ಜಲಗಾರ ಮತ್ತು ಯಮನ ಸೋಲು ಚಿಕ್ಕ ನಾಟಕಗಳು. ಒಂದು ಸಂಜೆ ನಾಲ್ಕೈದು ಜನ ಕೂತು ಗಟ್ಟಿಯಾಗಿ ಓದಿ. ಭಾಷೆ ಮೊದಲು ತೊಡರುತ್ತೆ, ಹತ್ತು ನಿಮಿಷದಲ್ಲಿ ಲಯ ಸಿಗುತ್ತೆ. ಓದುವಾಗ ಅಕ್ಷರ ತಪ್ಪಿದರೆ ನಿಲ್ಲಿಸಬೇಡಿ, ಮುಂದೆ ಹೋಗಿ.